ಅರವತ್ತೆರಡು ಅರ್ಜಿಗಳಲ್ಲಿ ಮೂವರನ್ನು ಆರಿಸುವುದು ಹೇಗೆ?

ಪ್ರಶ್ನೆ: ನಾನು ಹದಿನಾಲ್ಕು ವರ್ಷಗಳಿಂದ ಪದವಿ ತರಗತಿಗಳಿಗೆ ಪಾಠ ಮಾಡುತ್ತಿರುವ ಉಪನ್ಯಾಸಕಿ. ವಿದೇಶದಲ್ಲಿ ಸ್ನಾತಕೋತ್ತರ ಓದಲು ಹೋಗುವವರಿಗೆ ವಿದ್ಯಾರ್ಥಿವೇತನ ಕೊಡುವ ಒಂದು ದತ್ತಿ ಸಂಸ್ಥೆ ಈ ಸಲ ಅರ್ಜಿಗಳ ಪರಿಶೀಲನೆಗೆ ನನ್ನನ್ನು ಕರೆದಿದೆ. ಒಟ್ಟು 62 ಅರ್ಜಿಗಳು, ಮೂರು ವಾರಗಳ ಸಮಯ. ಸಂದರ್ಶನಕ್ಕೆ ಹನ್ನೆರಡು ಜನ, ಕೊನೆಗೆ ಹಣ ಸಿಗುವುದು ಮೂವರಿಗೆ. ಒಪ್ಪಿಕೊಂಡಾಗ ಸಂತೋಷವಾಗಿತ್ತು, ಈಗ ನಿದ್ದೆ ಕೆಟ್ಟಿದೆ. ಪ್ರಬಂಧಗಳೆಲ್ಲ ಒಂದೇ ಅಚ್ಚಿನಲ್ಲಿ ತೆಗೆದಂತಿವೆ. ಅನುಮಾನ ಬಂದು ಇಪ್ಪತ್ತನ್ನು ಅಂತರಜಾಲದ ಒಂದು ತಪಾಸಣಾ ತಂತ್ರಾಂಶಕ್ಕೆ ಹಾಕಿ ನೋಡಿದೆ. ಒಂಬತ್ತು ಪ್ರಬಂಧಗಳನ್ನು ಚಾಟ್‌ಜಿಪಿಟಿಯಂಥ ಯಂತ್ರವೇ ಬರೆದಿದೆ ಎಂದು ಅದು ಹೇಳಿತು. ಆ ಒಂಬತ್ತರಲ್ಲಿ ನನಗೆ ಅತ್ಯಂತ ಇಷ್ಟವಾದ ಅರ್ಜಿಯೂ ಇದೆ. ಇನ್ನೊಬ್ಬ ಹುಡುಗಿ ತಾಯಿಯ ಕಾಯಿಲೆಯ ಬಗ್ಗೆ ಬರೆದದ್ದನ್ನು ಓದಿ ಕಣ್ಣೀರು ಬಂತು, ಹತ್ತಕ್ಕೆ ಒಂಬತ್ತು ಕೊಟ್ಟೆ. ಅದೇ ಅರ್ಜಿಗೆ ನನ್ನ ಜೊತೆಗಾರ ಪರಿಶೀಲಕರು ಕೊಟ್ಟದ್ದು ನಾಲ್ಕು. 'ಹೋದವರು ಮರಳಿ ಬರುವುದಿಲ್ಲ, ಬರುವವರನ್ನಷ್ಟೇ ಆರಿಸೋಣ' ಎಂಬುದು ಅವರ ಪಟ್ಟು. ಇದರ ಜೊತೆಗೆ ಅರ್ಜಿದಾರರಲ್ಲಿ ನನ್ನ ಹಳೆಯ ವಿದ್ಯಾರ್ಥಿಯೊಬ್ಬನೂ ಇದ್ದಾನೆ. ಯೋಗ್ಯರೊಬ್ಬರು ನನ್ನ ಕೈಯಿಂದಲೇ ಬಿಟ್ಟುಹೋದರೆ ಎಂಬ ಭಯ ಕಾಡುತ್ತಿದೆ. ಏನು ಮಾಡಲಿ?

ಉತ್ತರ: ನೀವು ಬರೆದ ಐದಾರು ತೊಡಕುಗಳ ಬುಡದಲ್ಲಿರುವುದು ಒಂದೇ ಭಯ. ಈ 62 ಜನರಲ್ಲಿ ನಿಜವಾಗಿ ಅರ್ಹರಾದ ಮೂವರು ಎಲ್ಲೋ ಅಡಗಿದ್ದಾರೆ, ಅವರನ್ನು ಕಂಡುಹಿಡಿಯುವುದು ನಿಮ್ಮ ಕರ್ತವ್ಯ, ತಪ್ಪಿದರೆ ಒಂದು ಬದುಕು ಹಾಳಾಯಿತು ಎಂದು ನೀವು ನಂಬಿದ್ದೀರಿ. ನಾನೂ ಹದಿನೇಳು ವರ್ಷಗಳಿಂದ ಇಂಥ ಅರ್ಜಿಗಳನ್ನು ಓದುತ್ತಿದ್ದೇನೆ. ಆರಂಭದ ವರ್ಷಗಳಲ್ಲಿ ಇದೇ ನಂಬಿಕೆ ನನ್ನನ್ನೂ ಹಿಂಡಿತ್ತು. ಅದು ನಿಜವಲ್ಲ ಎಂಬುದನ್ನು ಮೊದಲು ಹೇಳಿಬಿಡುತ್ತೇನೆ.

ಯಾವುದೇ ಕಂತೆಯಲ್ಲಿ ಮೇಲಿನ ಎರಡು ಮೂರು ಅರ್ಜಿಗಳು ಎದ್ದು ಕಾಣುತ್ತವೆ. ಕೆಳಗಿನ ಹದಿನೈದಿಪ್ಪತ್ತು ಅರ್ಜಿಗಳು ಅಪೂರ್ಣವಾಗಿರುತ್ತವೆ ಅಥವಾ ಕೇಳಿದ ಪ್ರಶ್ನೆಗೆ ಉತ್ತರವನ್ನೇ ಕೊಟ್ಟಿರುವುದಿಲ್ಲ. ನಡುವಿನ ದೊಡ್ಡ ಗುಂಪಿನಲ್ಲಿ ಹನ್ನೊಂದನೆಯವರಿಗೂ ಇಪ್ಪತ್ತನೆಯವರಿಗೂ ಇರುವ ಅಂತರವನ್ನು ಕಾಗದದ ಮೇಲೆ ಅಳೆಯಲು ಯಾರಿಂದಲೂ ಆಗದು. ಇದು ನಿಮ್ಮ ಅನುಭವದ ಕೊರತೆಯಿಂದ ಬಂದದ್ದಲ್ಲ. ಅಮೆರಿಕದ ರಾಷ್ಟ್ರೀಯ ಆರೋಗ್ಯ ಸಂಸ್ಥೆಗೆ ಬಂದಿದ್ದ 25 ಸಂಶೋಧನಾ ಅರ್ಜಿಗಳನ್ನು 43 ನುರಿತ ಪರಿಶೀಲಕರಿಂದ ಓದಿಸಿ ನೋಡಿದ ಅಧ್ಯಯನವೊಂದು 2018ರಲ್ಲಿ ಪ್ರಕಟವಾಯಿತು. ಒಂದೇ ಅರ್ಜಿಗೆ ಬೇರೆಬೇರೆಯವರು ಕೊಟ್ಟ ಅಂಕಗಳಲ್ಲಿ ಹೊಂದಾಣಿಕೆ ಇಲ್ಲವೇ ಇಲ್ಲ ಎನ್ನುವಷ್ಟು ಕಡಿಮೆ ಇತ್ತು. ಅವರೆಲ್ಲ ಆ ವಿಷಯದಲ್ಲೇ ಪಳಗಿದ ವಿಜ್ಞಾನಿಗಳು. ಇದನ್ನು ಒಪ್ಪಿಕೊಂಡು ಕೆಲವು ಸಂಸ್ಥೆಗಳು ಚೀಟಿ ಎತ್ತುವ ದಾರಿಯನ್ನೂ ಹಿಡಿದಿವೆ. ಸ್ವಿಟ್ಜರ್ಲೆಂಡಿನ ರಾಷ್ಟ್ರೀಯ ವಿಜ್ಞಾನ ಪ್ರತಿಷ್ಠಾನ ಸಮಬಲದ ಅರ್ಜಿಗಳಿಗೆ 2021ರಿಂದ ಲಾಟರಿಯನ್ನು ಬಳಸುತ್ತಿದೆ. ಬ್ರಿಟಿಷ್ ಅಕಾಡೆಮಿ 2022ರಲ್ಲಿ ತನ್ನ ಸಣ್ಣ ಸಂಶೋಧನಾ ಅನುದಾನಗಳಿಗೆ ಇದನ್ನು ಪ್ರಯೋಗಿಸಿತು. ಅವು ಸಂಶೋಧನೆಯ ಅನುದಾನಗಳು ನಿಜ, ಆದರೆ ಓದುವ ಕಣ್ಣು ಒಂದೇ.

ಆದ್ದರಿಂದ ನಿಮ್ಮ ಒಂಬತ್ತು, ಅವರ ನಾಲ್ಕು ನನಗೆ ಆಶ್ಚರ್ಯ ತರಲಿಲ್ಲ. ಇಬ್ಬರೂ ಪ್ರತಿ ಅರ್ಜಿಗೂ ಒಂದೇ ಅಂಕ ಕೊಟ್ಟು ಕೂತಿದ್ದರೆ ನಾನು ಹೆಚ್ಚು ಚಿಂತಿಸುತ್ತಿದ್ದೆ. ಕೇಳಬೇಕಾದ ಪ್ರಶ್ನೆ, ನೀವು ಯಾವುದಕ್ಕೆ ಒಂಬತ್ತು ಕೊಟ್ಟಿರಿ, ಅವರು ಯಾವುದಕ್ಕೆ ನಾಲ್ಕು ಕೊಟ್ಟರು ಎಂಬುದು. ನಿಮ್ಮ ಪತ್ರವನ್ನು ಓದಿದರೆ ನೀವು ಆ ಹುಡುಗಿಯ ಬದುಕಿಗೆ ಅಂಕ ಕೊಟ್ಟಿರಿ ಅನ್ನಿಸುತ್ತದೆ. ಅವರು ಬಹುಶಃ ಅವಳು ಮರಳಿ ಬರುವ ಸಾಧ್ಯತೆಗೆ ಅಂಕ ಹಾಕಿದ್ದಾರೆ. ಇಬ್ಬರೂ ಅವಳ ಓದಿನ ಯೋಜನೆಗೆ ಅಂಕ ಕೊಟ್ಟಿಲ್ಲ.

ಇದಕ್ಕೆ ಕಾರಣವಾಗುವ ಮನಸ್ಸಿನ ಸ್ವಭಾವವೊಂದಿದೆ. ಒಬ್ಬರ ಒಂದು ಗುಣ ನಮಗೆ ಹಿಡಿಸಿದರೆ ಉಳಿದ ಗುಣಗಳೂ ಅದೇ ಬೆಳಕಿನಲ್ಲಿ ಹೊಳೆಯತೊಡಗುತ್ತವೆ. ಮನಶ್ಶಾಸ್ತ್ರಜ್ಞ ಎಡ್ವರ್ಡ್ ಥಾರ್ನ್‌ಡೈಕ್ 1920ರಲ್ಲೇ ಇದನ್ನು ಗುರುತಿಸಿ 'ಪ್ರಭಾವಲಯದ ದೋಷ' ಎಂಬ ಅರ್ಥದ ಹೆಸರು ಕೊಟ್ಟರು. ಸೈನ್ಯಾಧಿಕಾರಿಗಳು ತಮ್ಮ ಕೈಕೆಳಗಿನವರಿಗೆ ಕೊಟ್ಟ ಅಂಕಗಳಲ್ಲಿ ಮೈಕಟ್ಟು, ಬುದ್ಧಿ, ನಾಯಕತ್ವ ಎಲ್ಲವೂ ಒಟ್ಟಿಗೆ ಏರುತ್ತಿದ್ದವು, ಒಟ್ಟಿಗೆ ಇಳಿಯುತ್ತಿದ್ದವು. ಅರ್ಜಿಗಳ ವಿಷಯದಲ್ಲಿ ಆ ಪ್ರಭಾವಲಯ ಹುಟ್ಟುವುದು ಬಹುಪಾಲು ಪ್ರಬಂಧದ ಮೊದಲ ಪ್ಯಾರಾದಲ್ಲಿ. ಅದಕ್ಕೇ ನಾನು ಪ್ರಬಂಧವನ್ನು ಕೊನೆಗೆ ಓದುತ್ತೇನೆ. ಮೊದಲು ಅಂಕಪಟ್ಟಿ, ಆಮೇಲೆ ಓದಿನ ಯೋಜನೆ, ಆಮೇಲೆ ಶಿಫಾರಸು ಪತ್ರಗಳು, ಎಲ್ಲ ಮುಗಿದ ಮೇಲೆ ಪ್ರಬಂಧ. ಒಂದು ಮಾನದಂಡವನ್ನು ಹಿಡಿದು 62 ಅರ್ಜಿಗಳನ್ನೂ ಮುಗಿಸಿ, ಬಳಿಕ ಮುಂದಿನ ಮಾನದಂಡಕ್ಕೆ ಹೋಗುವುದು ಇದಕ್ಕಿಂತಲೂ ಒಳ್ಳೆಯದು. ಸಮಯ ಹೆಚ್ಚು ಹಿಡಿಯುತ್ತದೆ, ಆದರೆ ಒಂದು ಅರ್ಜಿಯ ಮೋಹ ಇನ್ನೊಂದು ಮಾನದಂಡಕ್ಕೆ ಹರಿಯುವುದಿಲ್ಲ.

ಮಾನದಂಡಗಳು ನಿಮ್ಮ ಕೈಯಲ್ಲಿ ಬರವಣಿಗೆಯಲ್ಲಿ ಇವೆಯೇ? ನಿಮ್ಮ ಪತ್ರದಲ್ಲಿ ಅವುಗಳ ಸುದ್ದಿಯೇ ಇಲ್ಲದ್ದು ನನ್ನನ್ನು ಕಾಡಿತು. 'ಒಳ್ಳೆಯ ವಿದ್ಯಾರ್ಥಿ' ಎಂಬುದು ಎಲ್ಲ ವಿದ್ಯಾರ್ಥಿವೇತನಗಳಿಗೂ ಒಂದೇ ಅಲ್ಲ. ಕೇಂಬ್ರಿಡ್ಜ್ ವಿಶ್ವವಿದ್ಯಾಲಯದಲ್ಲಿ ಓದಲು ಕೊಡುವ ಗೇಟ್ಸ್ ಕೇಂಬ್ರಿಡ್ಜ್ ವಿದ್ಯಾರ್ಥಿವೇತನ ನೋಡುವುದು ನಾಲ್ಕನ್ನು: ಅಸಾಧಾರಣ ಬೌದ್ಧಿಕ ಸಾಮರ್ಥ್ಯ, ಆ ಕೋರ್ಸನ್ನೇ ಆರಿಸಿದ ಕಾರಣ, ಇತರರ ಬದುಕನ್ನು ಸುಧಾರಿಸುವ ಬದ್ಧತೆ, ನಾಯಕತ್ವದ ಸಾಧ್ಯತೆ. ಕಾಮನ್‌ವೆಲ್ತ್ ವಿದ್ಯಾರ್ಥಿವೇತನ ಓದಿನ ಅರ್ಹತೆ, ಅಧ್ಯಯನ ಯೋಜನೆಯ ಗುಣಮಟ್ಟ ಮತ್ತು ತಾಯ್ನಾಡಿನ ಅಭಿವೃದ್ಧಿಗೆ ಆಗಬಹುದಾದ ಪ್ರಯೋಜನವನ್ನು ತೂಗುತ್ತದೆ. ಬ್ರಿಟಿಷ್ ಸರ್ಕಾರದ ಚೀವ್ನಿಂಗ್‌ಗೆ ಎಷ್ಟೇ ಅಂಕ ಬಂದಿದ್ದರೂ 2,800 ಗಂಟೆಗಳ ಕೆಲಸದ ಅನುಭವವಿಲ್ಲದೆ ಅರ್ಜಿಯನ್ನೇ ಹಾಕುವಂತಿಲ್ಲ. ಒಂದರಲ್ಲಿ ಮೊದಲ ಸುತ್ತಿನಲ್ಲೇ ಬಿದ್ದವರು ಇನ್ನೊಂದರಲ್ಲಿ ಗೆದ್ದದ್ದನ್ನು ನಾನು ಪ್ರತಿವರ್ಷ ನೋಡುತ್ತೇನೆ. ಅಲ್ಲಿ ಯಾರೂ ತಪ್ಪು ಮಾಡಿರುವುದಿಲ್ಲ, ಅಳತೆಗೋಲು ಬೇರೆ ಅಷ್ಟೆ. ನೀವು ಇಂದೇ ಸಂಸ್ಥೆಗೆ ಬರೆದು, ಈ ಹಣ ಯಾವ ಉದ್ದೇಶಕ್ಕೆ, ಯಾವ ಗುಣಕ್ಕೆ ಎಷ್ಟು ಅಂಕ ಎಂದು ಕೇಳಿ. ಉತ್ತರ ಬರುವವರೆಗೆ ಇನ್ನೊಂದು ಅರ್ಜಿಗೂ ಅಂಕ ಹಾಕಬೇಡಿ.

ಈಗ ಯಂತ್ರದ ವಿಷಯ. ಇಲ್ಲಿ ನಾನು ಸ್ವಲ್ಪ ಕಟುವಾಗಿ ಮಾತನಾಡಬೇಕಾಗಿದೆ. ಆ ತಪಾಸಣಾ ತಂತ್ರಾಂಶದ ತೀರ್ಪನ್ನು ಪೂರ್ತಿ ಮರೆತುಬಿಡಿ. 2023ರಲ್ಲಿ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದ ಸಂಶೋಧಕರು ಇಂಥ ಏಳು ತಂತ್ರಾಂಶಗಳನ್ನು ಪರೀಕ್ಷಿಸಿದರು. ಇಂಗ್ಲಿಷ್ ಮಾತೃಭಾಷೆಯಲ್ಲದವರು ಟೋಫೆಲ್ ಎಂಬ ಇಂಗ್ಲಿಷ್ ಪರೀಕ್ಷೆಗಾಗಿ ತಾವೇ ಬರೆದಿದ್ದ 91 ಪ್ರಬಂಧಗಳನ್ನು ಅವುಗಳಿಗೆ ಹಾಕಿದಾಗ ಸರಾಸರಿ ಶೇ 61ರಷ್ಟನ್ನು ಯಂತ್ರದ್ದೆಂದು ಅವು ತಪ್ಪಾಗಿ ಹೇಳಿದವು. ಅಮೆರಿಕದ ಎಂಟನೇ ತರಗತಿ ಮಕ್ಕಳ ಪ್ರಬಂಧಗಳಲ್ಲಿ ಅಂಥ ತಪ್ಪು ಬಹಳ ಕಡಿಮೆ ಇತ್ತು. ಕಾರಣ ಸರಳ. ಮುಂದಿನ ಪದ ಯಾವುದು ಬರಬಹುದು ಎಂದು ಸುಲಭವಾಗಿ ಊಹಿಸುವಂತಿದ್ದರೆ ಅದು ಯಂತ್ರದ ಬರಹ ಎಂಬುದು ಆ ತಂತ್ರಾಂಶಗಳ ಲೆಕ್ಕ. ಕಲಿತ ಭಾಷೆಯಲ್ಲಿ ಬರೆಯುವವರು ತಮಗೆ ಖಚಿತವಾಗಿ ಗೊತ್ತಿರುವ ಪದಗಳನ್ನೇ, ಪರಿಚಿತ ವಾಕ್ಯಗಳನ್ನೇ ಬಳಸುತ್ತಾರೆ. ಎಚ್ಚರದಿಂದ ಬರೆದದ್ದೇ ಅವರ ಅಪರಾಧವಾಗಿಬಿಡುತ್ತದೆ. ಚಾಟ್‌ಜಿಪಿಟಿಯನ್ನು ತಯಾರಿಸಿದ ಓಪನ್‌ಎಐ ಸಂಸ್ಥೆಯೇ ತನ್ನ ಪತ್ತೆ ಸಾಧನವನ್ನು ನಿಖರತೆ ಸಾಲದೆಂದು 2023ರ ಜುಲೈನಲ್ಲಿ ಹಿಂದಕ್ಕೆ ಪಡೆಯಿತು. ವಿದೇಶಕ್ಕೆ ಹೋಗಬಯಸುವ ನಿಮ್ಮ ಅರ್ಜಿದಾರರಲ್ಲಿ ಹೆಚ್ಚಿನವರು ಇಂಗ್ಲಿಷನ್ನು ಕಲಿತು ಬರೆಯುವವರೇ ಆಗಿರುತ್ತಾರೆ. ಈ ಸಾಧನ ಅತಿ ಹೆಚ್ಚು ತಪ್ಪು ಮಾಡುವುದು ಅವರ ವಿಷಯದಲ್ಲೇ.

ಇನ್ನೊಂದು ಮಾತು. ಅರ್ಜಿದಾರರು ತಮ್ಮ ಮನೆಯ ಕಷ್ಟ, ಕಾಯಿಲೆ, ಆದಾಯವನ್ನು ಸಂಸ್ಥೆಯನ್ನು ನಂಬಿ ಬರೆದಿರುತ್ತಾರೆ. ಅದನ್ನು ಹೊರಗಿನ ಜಾಲತಾಣಕ್ಕೆ ಹಾಕುವ ಅನುಮತಿ ನಿಮಗಿರಲಿಲ್ಲ. ಕೆಟ್ಟ ಉದ್ದೇಶದಿಂದ ಮಾಡಲಿಲ್ಲ ಎಂಬುದು ನನಗೆ ಗೊತ್ತು. ಆದರೂ ನಡೆದದ್ದನ್ನು ಸಂಸ್ಥೆಗೆ ತಿಳಿಸಿ. ಮುಜುಗರವಾಗುತ್ತದೆ, ಆದರೆ ಅವರು ನಂತರ ಬೇರೆಲ್ಲಿಂದಲೋ ತಿಳಿದುಕೊಳ್ಳುವುದಕ್ಕಿಂತ ಇದು ಮೇಲು.

ಹಾಗಾದರೆ ಎಲ್ಲ ಪ್ರಬಂಧಗಳೂ ಒಂದೇ ಥರ ಇರುವುದೇಕೆ? ಯಂತ್ರ ಬರುವ ಮೊದಲೂ ಅವು ಹಾಗೇ ಇದ್ದವು. ಬಾಲ್ಯದ ಕನಸಿನಿಂದ ಶುರುವಾಗಿ, ನಡುವೆ ಒಂದು ಸೋಲು, ಅದರಿಂದ ಕಲಿತ ಪಾಠ, ಕೊನೆಗೆ ಸಮಾಜಸೇವೆಯ ಸಂಕಲ್ಪ. ನಾನು ಈ ಕೆಲಸಕ್ಕೆ ಬಂದ ಮೊದಲ ವರ್ಷವೇ ಇಂಥವನ್ನು ಕಟ್ಟುಗಟ್ಟಲೆ ಓದಿದ್ದೆ. ಗೆದ್ದವರ ಮಾದರಿಗಳನ್ನು ನೋಡಿ ಬರೆಯುತ್ತಾರೆ, ತರಬೇತುದಾರರು ತಿದ್ದುತ್ತಾರೆ, ಪ್ರಶ್ನೆಯೂ ಎಲ್ಲರಿಗೂ ಒಂದೇ. ಯಂತ್ರ ಆ ಅಚ್ಚನ್ನು ಅಗ್ಗವಾಗಿಸಿದೆ. ಹಣ ಕೊಟ್ಟು ಪ್ರಬಂಧ ತಿದ್ದಿಸಿಕೊಳ್ಳುವವರಿಗೆ ಮಾತ್ರ ಇದ್ದ ಅನುಕೂಲ ಈಗ ಹೆಚ್ಚಿನವರಿಗೆ ಸಿಕ್ಕಿದೆ ಎಂದೂ ಹೇಳಬಹುದು. ಅದರ ಮೇಲೆ ಮಾತ್ರ ಸಿಟ್ಟಾಗುವುದು ನನಗೆ ನ್ಯಾಯವೆನಿಸುವುದಿಲ್ಲ.

ನಾನು ಮಾಡುವುದು ಇಷ್ಟು: ಶೈಲಿಯನ್ನು ಬಿಟ್ಟು ಪರಿಶೀಲಿಸಬಹುದಾದ ವಿವರಗಳನ್ನು ಹುಡುಕುತ್ತೇನೆ. ನೀರಿನ ಶುದ್ಧೀಕರಣದಲ್ಲಿ ಸ್ನಾತಕೋತ್ತರ ಓದುತ್ತೇನೆ ಎನ್ನುವವರು ಆ ವಿಶ್ವವಿದ್ಯಾಲಯದಲ್ಲಿ ಯಾವ ವಿಷಯ ಕಲಿಸುತ್ತಾರೆಂದು ನೋಡಿದ್ದಾರೆಯೇ? ಅದಕ್ಕೆ ಬೇಕಾದ ರಸಾಯನಶಾಸ್ತ್ರ ಅವರ ಅಂಕಪಟ್ಟಿಯಲ್ಲಿ ಇದೆಯೇ? ಪ್ರಬಂಧದಲ್ಲಿ ಹೇಳಿದ ಪ್ರಯೋಗದ ಸುಳಿವು ಶಿಫಾರಸು ಪತ್ರದಲ್ಲಿ ಸಿಗುತ್ತದೆಯೇ? ಒಂದು ಅರ್ಜಿಯ ನಾಲ್ಕು ಕಾಗದಗಳು ಪರಸ್ಪರ ಸಾಕ್ಷಿ ಹೇಳುತ್ತಿದ್ದರೆ ಪ್ರಬಂಧದ ವಾಕ್ಯವನ್ನು ಯಾರು ತಿದ್ದಿದರೆಂಬುದು ದೊಡ್ಡ ವಿಷಯವಾಗುವುದಿಲ್ಲ. ನುಣುಪಾದ ಪ್ರಬಂಧಕ್ಕೆ ಉಳಿದ ಕಾಗದಗಳ ಬೆಂಬಲವೇ ಇಲ್ಲದಿದ್ದರೆ, ಅದನ್ನು ಮನುಷ್ಯರೇ ಬರೆದಿದ್ದರೂ ನಾನು ಕಡಿಮೆ ಅಂಕ ಕೊಡುತ್ತೇನೆ.

ಮುಂದಿನ ವರ್ಷಕ್ಕೆ ಸಂಸ್ಥೆ ಏನು ಮಾಡಬಹುದೆಂದು ನಿಮ್ಮನ್ನು ಕೇಳಿದರೆ ದಾರಿಗಳಿವೆ, ಯಾವುದೂ ಕಳಂಕವಿಲ್ಲದ್ದಲ್ಲ. ಬರಹ ತನ್ನದೇ ಎಂದು ಅರ್ಜಿದಾರರಿಂದ ಸಹಿ ಹಾಕಿಸಬಹುದು. ಆಕ್ಸ್‌ಫರ್ಡಿನಲ್ಲಿ ಓದಲು ನೆರವಾಗುವ ರೋಡ್ಸ್ ವಿದ್ಯಾರ್ಥಿವೇತನ ಇಂಥ ಘೋಷಣೆಯನ್ನು ಕೇಳುತ್ತದೆ. ಇದರಲ್ಲಿ ಪ್ರಾಮಾಣಿಕರು ಮಾತ್ರ ಸಹಾಯ ಕಳೆದುಕೊಂಡು, ಸುಳ್ಳು ಸಹಿ ಹಾಕುವವರು ಪಾರಾಗುವ ಅಪಾಯವಿದೆ. ಯಂತ್ರದ ನೆರವು ಪಡೆದರೆ ತಿಳಿಸಿ ಎನ್ನಬಹುದು. ಆಗ ತಿಳಿಸಿದವರನ್ನೇ ಪರಿಶೀಲಕರು ಅನುಮಾನದಿಂದ ನೋಡುತ್ತಾರೆ. ಸಂದರ್ಶನದ ದಿನ ಅರ್ಧ ಗಂಟೆ ಕೂರಿಸಿ ಬರೆಸಬಹುದು. ಒತ್ತಡದಲ್ಲಿ ಬರೆಯಲಾಗದ, ನಿಧಾನವಾಗಿ ಯೋಚಿಸುವ ಒಳ್ಳೆಯವರಿಗೆ ಇದರಿಂದ ಪೆಟ್ಟು. ನನ್ನ ಒಲವು ಪ್ರಬಂಧದ ತೂಕವನ್ನೇ ಇಳಿಸಿ, ಓದಿನ ಯೋಜನೆಯ ತೂಕ ಏರಿಸಿ, ಸಂದರ್ಶನದಲ್ಲಿ ಆ ಯೋಜನೆಯ ಮೇಲೆಯೇ ಪ್ರಶ್ನೆ ಕೇಳುವುದರ ಕಡೆಗಿದೆ. ಆದರೆ ಈ ವರ್ಷ ಯಾವ ಹೊಸ ನಿಯಮವನ್ನೂ ತರಬೇಡಿ. ಅರ್ಜಿ ಹಾಕುವಾಗ ಹೇಳದ ಷರತ್ತನ್ನು ಅರ್ಜಿ ಬಂದ ಮೇಲೆ ಹೇರುವಂತಿಲ್ಲ.

ಕಣ್ಣೀರಿನ ಪ್ರಶ್ನೆಗೆ ಬರುತ್ತೇನೆ. ನಿಮಗೆ ಅಳು ಬಂದದ್ದಕ್ಕೆ ನಾಚಬೇಕಾಗಿಲ್ಲ. ಕಷ್ಟದ ನಡುವೆ ಓದಿದವರ ಶೇ 72, ಸಕಲ ಸೌಕರ್ಯದಲ್ಲಿ ಓದಿದವರ ಶೇ 80ಕ್ಕಿಂತ ದೊಡ್ಡದಿರಬಹುದು. ಎಲ್ಲಿಂದ ಹೊರಟು ಎಲ್ಲಿಗೆ ಮುಟ್ಟಿದ್ದಾರೆ ಎಂಬುದನ್ನು ಲೆಕ್ಕಕ್ಕೆ ತೆಗೆದುಕೊಳ್ಳಲೇಬೇಕು. ತೊಂದರೆ ಇರುವುದು ಕಷ್ಟವನ್ನು ಚೆನ್ನಾಗಿ ಹೇಳಿದವರಿಗೆ ಅಂಕ ಹೋಗುವುದರಲ್ಲಿ. ಗಾಯವನ್ನು ತೋರಿಸಿದರೆ ಹಣ ಸಿಗುತ್ತದೆ ಎಂದು ಮಕ್ಕಳಿಗೆ ನಾವೇ ಕಲಿಸಿದಂತಾಗುತ್ತದೆ. ಹೇಳಿಕೊಳ್ಳಲು ಸಂಕೋಚವಿರುವವರು ಹಿಂದೆ ಉಳಿಯುತ್ತಾರೆ.

ಹಲವು ವರ್ಷಗಳ ಹಿಂದೆ ನನ್ನ ಕೈಗೆ ಬಂದ ಅರ್ಜಿಯೊಂದರಲ್ಲಿ ಹುಡುಗ ತನ್ನ ವಿಷಯದ ಹೊರತು ಬೇರೇನನ್ನೂ ಬರೆದಿರಲಿಲ್ಲ. ಒಣ ಪ್ರಬಂಧ. ನಾನು ಐದು ಕೊಟ್ಟು ಪಕ್ಕಕ್ಕಿಟ್ಟೆ. ಎರಡನೆಯ ಪರಿಶೀಲಕರು ಅವನ ಅಂಕಪಟ್ಟಿಯಲ್ಲಿ ಒಂದು ಸೆಮಿಸ್ಟರ್ ಪೂರ್ತಿ ಖಾಲಿ ಇರುವುದನ್ನು ಗಮನಿಸಿದರು. ಶಿಫಾರಸು ಪತ್ರದ ಕೊನೆಯಲ್ಲಿ ಅವನ ಮೇಷ್ಟರು ಒಂದೇ ಸಾಲು ಬರೆದಿದ್ದರು: ತಂದೆ ತೀರಿಕೊಂಡ ಆ ಆರು ತಿಂಗಳು ಅವನು ದುಡಿದು ಮನೆ ನಡೆಸಿದ, ಮರಳಿ ಬಂದು ತರಗತಿಗೆ ಮೊದಲಿಗನಾದ. ಆ ಸಾಲು ನನ್ನ ಕಣ್ಣಿಗೂ ಬಿದ್ದಿತ್ತು, ಆದರೆ ಅಷ್ಟು ಹೊತ್ತಿಗೆ ಪ್ರಬಂಧ ಓದಿ ಮನಸ್ಸು ಮುಚ್ಚಿಕೊಂಡಿತ್ತು. ಎರಡನೆಯವರು ಇಲ್ಲದಿದ್ದರೆ ಅವನು ಸಂದರ್ಶನಕ್ಕೇ ಬರುತ್ತಿರಲಿಲ್ಲ. ಪ್ರಬಂಧವನ್ನು ಕೊನೆಗೆ ಓದುವ ರೂಢಿ ಶುರುವಾದದ್ದು ಆ ವರ್ಷದಿಂದ.

ಆದ್ದರಿಂದ ಕಷ್ಟಕ್ಕೆ ಪ್ರತ್ಯೇಕ ಜಾಗ ಮಾಡಿಕೊಳ್ಳಿ. ಹಣದ ಅಗತ್ಯವನ್ನು ಆದಾಯದ ದಾಖಲೆಗಳಿಂದ ಅಳೆಯಿರಿ. ಎಂಥ ಪರಿಸ್ಥಿತಿಯಲ್ಲಿ ಓದಿದರು ಎಂಬುದಕ್ಕೆ ಅಂಕಪಟ್ಟಿ, ಶಿಫಾರಸು ಪತ್ರ, ಕೆಲಸದ ವಿವರ ಎಲ್ಲವನ್ನೂ ಕೂಡಿಸಿ ನೋಡಿ. ಆ ಹುಡುಗಿಗೆ ಈ ರೀತಿ ಅಂಕ ಕೊಟ್ಟರೂ ಒಂಬತ್ತೇ ಬರಬಹುದು. ಬಂದರೆ ಅದನ್ನು ನಿಮ್ಮ ಜೊತೆಗಾರರ ಮುಂದೆ ನೀವು ಸಮರ್ಥಿಸಿಕೊಳ್ಳಬಲ್ಲಿರಿ.

ಶಿಫಾರಸು ಪತ್ರಗಳ ಬಗ್ಗೆ ನೀವು ಕೇಳಿಲ್ಲ, ಆದರೂ ಹೇಳಬೇಕು. ದೊಡ್ಡ ಹುದ್ದೆಯವರು ಬರೆದ ಪತ್ರಕ್ಕೆ ಬೆರಗಾಗಬೇಡಿ. ಎಷ್ಟೋ ಸಲ ಅವರು ಆ ವಿದ್ಯಾರ್ಥಿಯನ್ನು ನೋಡಿಯೇ ಇರುವುದಿಲ್ಲ. ಎರಡೇ ಪ್ಯಾರಾದ ಪತ್ರ ಬಂದರೆ ಅದು ಮೇಷ್ಟರ ಬಿಡುವಿಲ್ಲದ ಕೆಲಸವನ್ನು ಹೇಳುತ್ತದೆಯೇ ಹೊರತು ವಿದ್ಯಾರ್ಥಿಯ ಯೋಗ್ಯತೆಯನ್ನಲ್ಲ. ಬರೆದವರ ಪೂರ್ವಗ್ರಹವೂ ಪತ್ರದೊಳಗೆ ಸೇರಿಕೊಳ್ಳುತ್ತದೆ. ಅಮೆರಿಕದ ವೈದ್ಯಕೀಯ ಕಾಲೇಜೊಂದರ ಅಧ್ಯಾಪಕ ಹುದ್ದೆಗಳಿಗೆ ಬಂದಿದ್ದ 300ಕ್ಕೂ ಹೆಚ್ಚು ಶಿಫಾರಸು ಪತ್ರಗಳನ್ನು ಇಬ್ಬರು ಸಂಶೋಧಕಿಯರು ಅಧ್ಯಯನ ಮಾಡಿ 2003ರಲ್ಲಿ ಪ್ರಕಟಿಸಿದರು. ಮಹಿಳೆಯರ ಬಗೆಗಿನ ಪತ್ರಗಳು ಸರಾಸರಿಯಲ್ಲಿ ಚಿಕ್ಕದಾಗಿದ್ದವು, ಅನುಮಾನ ಹುಟ್ಟಿಸುವ ಮಾತುಗಳು ಅವುಗಳಲ್ಲಿ ಹೆಚ್ಚಿದ್ದವು. 'ಅವರ ಸಂಶೋಧನೆ' ಎಂಬ ಮಾತು ಗಂಡಸರ ಪತ್ರಗಳಲ್ಲಿ, 'ಅವರ ಬೋಧನೆ' ಎಂಬುದು ಹೆಂಗಸರ ಪತ್ರಗಳಲ್ಲಿ ಹೆಚ್ಚಾಗಿ ಕಾಣಿಸಿತು. 'ಬಹಳ ಶ್ರಮಜೀವಿ, ವಿಧೇಯ ಹುಡುಗಿ' ಎಂದು ಓದಿದ ಕೂಡಲೇ ನಾನು ನಿಂತು, ಅವಳು ಮಾಡಿದ ಕೆಲಸವನ್ನು ಕಾಗದದಲ್ಲಿ ಬೇರೆಲ್ಲಾದರೂ ಹೇಳಿದೆಯೇ ಎಂದು ಹುಡುಕುತ್ತೇನೆ.

ಮರಳಿ ಬರುವ ಪ್ರಶ್ನೆಯಲ್ಲಿ ನಿಮ್ಮ ಜೊತೆಗಾರರ ಕಳಕಳಿ ನನಗೆ ಅರ್ಥವಾಗುತ್ತದೆ. ಕೆಲವು ವಿದ್ಯಾರ್ಥಿವೇತನಗಳು ಇದನ್ನು ಷರತ್ತಿನಲ್ಲೇ ಕಟ್ಟಿಹಾಕಿವೆ. ಚೀವ್ನಿಂಗ್ ಪಡೆದವರು ಓದು ಮುಗಿಸಿ ಕನಿಷ್ಠ ಎರಡು ವರ್ಷ ತಾಯ್ನಾಡಿಗೆ ಮರಳಬೇಕು. ಅಮೆರಿಕದ ಫುಲ್‌ಬ್ರೈಟ್ ವಿದ್ಯಾರ್ಥಿವೇತನದಲ್ಲಿ ಹೋಗುವ ವಿದ್ಯಾರ್ಥಿಗಳ ವೀಸಾದಲ್ಲೇ ಎರಡು ವರ್ಷ ತವರಿನಲ್ಲಿರಬೇಕೆಂಬ ಕಟ್ಟಳೆ ಇದೆ. ಹಾಗೆಂದು ಇಪ್ಪತ್ತೆರಡು ವರ್ಷದವರ ಪ್ರಬಂಧ ಓದಿ ಐದು ವರ್ಷಗಳ ನಂತರ ಎಲ್ಲಿರುತ್ತಾರೆಂದು ಹೇಳಲು ಯಾರಿಂದಲೂ ಸಾಧ್ಯವಿಲ್ಲ. ಸಾಧ್ಯವೆಂದು ಹೊರಟವರು ಕೊನೆಗೆ ಹಿನ್ನೆಲೆ ನೋಡಿ, ಮನೆತನ ನೋಡಿ, ಮದುವೆಯ ವಯಸ್ಸು ನೋಡಿ ಊಹಿಸುವುದನ್ನು ನಾನು ಸಮಿತಿಗಳಲ್ಲಿ ಕಣ್ಣಾರೆ ಕಂಡಿದ್ದೇನೆ. ನಿಮ್ಮ ಸಂಸ್ಥೆಗೆ ಮರಳುವಿಕೆ ಮುಖ್ಯವಾದರೆ ಅದನ್ನು ಒಪ್ಪಂದದಲ್ಲಿ ಬರೆದುಕೊಳ್ಳಲಿ. ಅಂಕದ ಹಾಳೆಯಲ್ಲಿ ಅದಕ್ಕೆ ಜಾಗವಿಲ್ಲ.

ಹಳೆಯ ವಿದ್ಯಾರ್ಥಿಯ ವಿಷಯದಲ್ಲಿ ಯೋಚಿಸುವುದೇ ಬೇಡ. ಇವತ್ತೇ ಲಿಖಿತವಾಗಿ ತಿಳಿಸಿ, ಅವನ ಅರ್ಜಿಯನ್ನು ಬೇರೆಯವರಿಗೆ ಕೊಡಿ, ಅವನ ಚರ್ಚೆಯಾಗುವಾಗ ಹೊರಗೆ ಹೋಗಿ. ನಿಷ್ಪಕ್ಷಪಾತವಾಗಿ ಓದಬಲ್ಲೆ ಎಂದು ನಿಮಗೆ ಅನ್ನಿಸಬಹುದು. ಹಾಗೆಂದುಕೊಂಡವರು ಪಕ್ಷಪಾತದ ಭಯದಿಂದ ಸ್ವಂತ ವಿದ್ಯಾರ್ಥಿಗೆ ಬೇಕೆಂದೇ ಕಡಿಮೆ ಅಂಕ ಕೊಡುವುದು ಉಂಟು. ಅವನಿಗೆ ಅದೂ ಅನ್ಯಾಯವೇ.

ಉಳಿದ ದಿನಗಳಿಗೆ ಒಂದು ಲೆಕ್ಕ ಹಾಕಿಕೊಳ್ಳಿ. ಒಂದು ಅರ್ಜಿಗೆ 25 ನಿಮಿಷವೆಂದರೂ ಒಟ್ಟು 26 ಗಂಟೆಗಳಷ್ಟಾಗುತ್ತದೆ. ದಿನಕ್ಕೆ ಆರಕ್ಕಿಂತ ಹೆಚ್ಚು ಓದಬೇಡಿ, ಏಳನೆಯದರಲ್ಲಿ ತಾಳ್ಮೆ ಕರಗುವುದು ನನಗೆ ಗೊತ್ತು. ಎಲ್ಲ ಮುಗಿದ ಮೇಲೆ ಮೊದಲ ದಿನ ಓದಿದ ಆರನ್ನು ಮತ್ತೆ ಓದಿ. ಕಂತೆಯ ಮಟ್ಟ ತಿಳಿಯುವ ಮೊದಲೇ ಅವಕ್ಕೆ ಅಂಕ ಹಾಕಿರುತ್ತೀರಿ, ಅದರಲ್ಲಿ ಕನಿಷ್ಠ ಎರಡಾದರೂ ಬದಲಾಗುತ್ತವೆ. ಪ್ರತಿ ಅಂಕದ ಪಕ್ಕದಲ್ಲಿ ಕಾರಣವನ್ನು ಒಂದು ಸಾಲಿನಲ್ಲಿ ಬರೆಯಿರಿ. ಮೂವರ ಜೊತೆಗೆ ಇಬ್ಬರನ್ನು ಕಾಯ್ದಿರಿಸಿದ ಪಟ್ಟಿಯಲ್ಲಿ ಇಡಲು ಸಂಸ್ಥೆಗೆ ಹೇಳಿ. ಚೆನ್ನಾಗಿರುವವರು ಹಲವು ಕಡೆ ಅರ್ಜಿ ಹಾಕಿರುತ್ತಾರೆ, ಕೊನೆಗಳಿಗೆಯಲ್ಲಿ ಒಬ್ಬರು ಬೇರೆಡೆ ಹೋಗುವುದು ಸಾಮಾನ್ಯ. ನೀವು ಬರೆದಿಟ್ಟ ಆ ಒಂದೊಂದು ಸಾಲಿನ ಕಾರಣಗಳನ್ನು ತಿದ್ದಿ, ಆಯ್ಕೆಯಾಗದ 59 ಜನರಿಗೂ ಕಳಿಸಲು ಸಂಸ್ಥೆಯನ್ನು ಒಪ್ಪಿಸಿದರೆ ಇನ್ನೂ ಒಳ್ಳೆಯದು. 'ವಿಷಾದಿಸುತ್ತೇವೆ' ಎಂಬ ಒಂದೇ ಪದದ ಪತ್ರ ಪಡೆದವರು ವರ್ಷವಿಡೀ ತಮ್ಮ ಇಂಗ್ಲಿಷನ್ನೋ ಕಾಲೇಜನ್ನೋ ಹಳಿಯುತ್ತ ಕೂರುತ್ತಾರೆ. ನಿಜವಾದ ಕೊರತೆ ಬಹಳ ಸಲ ಓದಿನ ಯೋಜನೆಯಲ್ಲಿ ಇರುತ್ತದೆ, ಮುಂದಿನ ಸಲಕ್ಕೆ ತಿದ್ದಿಕೊಳ್ಳಬಹುದಾದದ್ದಾಗಿರುತ್ತದೆ.

ನಾಳೆ ನಿಮ್ಮ ಜೊತೆಗಾರರಿಗೆ ಫೋನ್ ಮಾಡಿ. ಸಂಸ್ಥೆಯಿಂದ ಮಾನದಂಡಗಳು ಬಂದ ಮೇಲೆ, ಯಾರೂ ಇನ್ನೂ ಅಂಕ ಹಾಕಿರದ ಐದು ಅರ್ಜಿಗಳನ್ನು ಇಬ್ಬರೂ ಬೇರೆಬೇರೆಯಾಗಿ ಓದಿ, ಆಮೇಲೆ ಎದುರುಬದುರು ಕೂತು ಒಂದೊಂದು ಮಾನದಂಡಕ್ಕೂ ಯಾಕೆ ಅಷ್ಟು ಕೊಟ್ಟಿರೆಂದು ಮಾತನಾಡಿ. ಆ ಹುಡುಗಿಯ ಅರ್ಜಿಯನ್ನು ಅದಾದ ಬಳಿಕವೇ ತೆರೆಯಿರಿ. ತಂತ್ರಾಂಶ ತಿರಸ್ಕರಿಸಿದ ಆ ಒಂಬತ್ತು ಅರ್ಜಿಗಳನ್ನು, ನಿಮಗೆ ಅತ್ಯಂತ ಇಷ್ಟವಾದದ್ದನ್ನೂ ಸೇರಿಸಿ, ಯಾವ ಗುರುತೂ ಇಲ್ಲದೆ ಕಂತೆಯೊಳಗೆ ಮತ್ತೆ ಇಟ್ಟುಬಿಡಿ. ಅವುಗಳ ಸರದಿ ಬಂದಾಗ ಅಂಕಪಟ್ಟಿಯಿಂದ ಶುರುಮಾಡಿ.